ತಪ್ಪು ಸ್ಟಾಂಪ್ ಎಷ್ಟಕ್ಕೆ ಹೋಗುತ್ತೆ?

"ಸರಿಯಾಗಿ ಅಚ್ಚಾದ ಸ್ಟಾಂಪೇ ಬೇಕಾದಷ್ಟು ಸಿಗುತ್ತಲ್ಲ, ನೀವ್ಯಾಕೆ ತಪ್ಪಾಗಿರೋದನ್ನ ಹುಡುಕಿ ಹುಡುಕಿ ಕೂಡಿಡ್ತೀರಾ?"

ನಾನು ಬ್ರಿಟಿಷರ ಕಾಲದ ಮೊದಮೊದಲ ಅಂಚೆ ಚೀಟಿಗಳನ್ನು, ಅದರಲ್ಲೂ ಅಚ್ಚಿನ ತಪ್ಪಿರುವಂಥವನ್ನು ಸಂಗ್ರಹಿಸುತ್ತೇನೆ ಎಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ: "ಒಂದೊಂದು ಎಷ್ಟಕ್ಕೆ ಹೋಗುತ್ತೆ?" ಅವರು ಕೇಳಬೇಕೆಂದಿದ್ದದ್ದೇ ಇದು. ಮೊದಲನೆಯದು ಬರೀ ಪೀಠಿಕೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಹೌದು, ಕೆಲವಕ್ಕೆ ಬೆಲೆ ಜಾಸ್ತಿ. 1854ರ ನಾಲ್ಕಾಣೆ ಚೀಟಿಯಲ್ಲಿ ರಾಣಿ ವಿಕ್ಟೋರಿಯಾಳ ತಲೆ ಉಲ್ಟಾ ಅಚ್ಚಾಗಿರುವುದು ಹರಾಜಿಗೆ ಬಂದರೆ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಅಂಥದ್ದು ನನ್ನ ಹತ್ತಿರ ಇಲ್ಲ. ಬರುವುದೂ ಇಲ್ಲ. ನನ್ನಲ್ಲಿರುವುದು ಪಿಂಚಣಿ ದುಡ್ಡಿಗೆ ಎಟುಕುವಂಥವು. ಚೂರು ಜರುಗಿದ ಚಿತ್ರ, ಸವೆದ ಗೆರೆ, ಅಚ್ಚಾದ ಚೀಟಿಯ ಮೇಲೆ ಮತ್ತೆ ಹೆಸರು ಒತ್ತುವ ಮೇಲಚ್ಚಿನಲ್ಲಿ ಮುರಿದ ಅಕ್ಷರ. ಮಾರುವುದಕ್ಕೆ ಇಟ್ಟುಕೊಂಡಿಲ್ಲ. ಇಷ್ಟೇ.

ಇಷ್ಟು ಹೇಳಿದರೂ ಬಿಡುವುದಿಲ್ಲ. ಮಂಡ್ಯದಲ್ಲಿ ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ಕೂತು ಎರಡು ತುತ್ತು ಉಂಡಿದ್ದೆ. ಎದುರಿನ ಸಾಲಿನಿಂದ ನಮ್ಮ ಮಾವ ಎಲ್ಲರಿಗೂ ಕೇಳುವಂತೆ, "ಅದೇನ್ಲಾ, ಆ ತಪ್ಪು ಸ್ಟಾಂಪ್ ಮಾರುದ್ರೆ ಮೈಸೂರಲ್ಲಿ ಒಂದು ಸೈಟ್ ಬತ್ತದಾ?" ಎಂದರು. ಬರಲ್ಲ ಮಾವ ಎಂದೆ. "ಮತ್ತೆ ಯಾಕ್ಲಾ ಮಡಿಕಂಡಿದ್ದೀಯೆ?" ಸಾಲಿಗೆ ಸಾಲೇ ನಕ್ಕಿತು. ಅದನ್ನೂ ಸಹಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದವರು, "ಆವತ್ತು ಯಾವನೋ ಕುಡ್ಕೊಂಡು ಬಂದು ಮಿಷನ್ ಮುಂದೆ ನಿಂತಿದ್ದ ಅಂತ ಕಾಣುತ್ತೆ, ಈಗ ಅದಕ್ಕೆ ಲಕ್ಷ ರೂಪಾಯಿ" ಎಂದರಲ್ಲ, ಅದು ಮಾತ್ರ ಸಹಿಸಲಾಗಲಿಲ್ಲ. ಪಾಯಸ ಬರುವ ಹೊತ್ತಿಗೆ ನನ್ನ ದನಿ ಜೋರಾಗಿತ್ತು. ಇವತ್ತಿಗೂ ಅದು ತಪ್ಪು ಅನಿಸಿಲ್ಲ.

ಆ ಕೆಲಸ ಎಂಥದ್ದು ಅಂತ ಕೇಳಿ. 1854ರಲ್ಲಿ ಇಡೀ ದೇಶಕ್ಕೆ ಒಂದೇ ಅಂಚೆ ದರ ಬಂತು. ಕಾಲು ತೊಲದ ಕಾಗದ ಅರ್ಧಾಣೆಗೆ ಎಷ್ಟು ದೂರ ಬೇಕಾದರೂ ಹೋಗಬಹುದು. ಅದಕ್ಕೆ ಚೀಟಿ ಬೇಕು. ಅಚ್ಚು ಹಾಕುವ ಹೊಣೆ ಬಿದ್ದದ್ದು ಕಲ್ಕತ್ತದ ಸರ್ವೇಯರ್ ಜನರಲ್ ಕಚೇರಿಯ ಮೇಲೆ. ನಕ್ಷೆ ಅಚ್ಚು ಹಾಕುತ್ತಿದ್ದ ಜಾಗ ಅದು. ಕ್ಯಾಪ್ಟನ್ ಥುಲಿಯರ್ ಎಂಬ ಅಧಿಕಾರಿ ಮುಂದೆ ನಿಂತು ಮಾಡಿಸಿದ. ವಿಧಾನ ಕಲ್ಲಚ್ಚು. ತಾಮ್ರದ ಮೇಲೆ ಕೊರೆದ ಒಂದು ಮೂಲ ಚಿತ್ರ ಇರುತ್ತದೆ. ಅದರಿಂದ ಕಾಗದದ ಮೇಲೆ ಪ್ರತಿ ಎತ್ತಿ ಎತ್ತಿ, ಒಂದೊಂದನ್ನೇ ಕಲ್ಲಿನ ಮೇಲೆ ಸಾಲಾಗಿ ಕೂರಿಸಬೇಕು. ಕಲ್ಲು ಸವೆದರೆ ಕೈಯಲ್ಲೇ ತಿದ್ದಬೇಕು. ಅರ್ಧಾಣೆಯನ್ನು ಮೊದಲು ಕೆಂಪಿನಲ್ಲಿ ಶುರು ಮಾಡಿದ್ದರು. ಇಂಗ್ಲೆಂಡಿನಿಂದ ಬಂದ ಕೆಂಪು ಮಸಿ ಮುಗಿಯಿತು, ಇಲ್ಲಿಯ ಕೆಂಪು ಕಲ್ಲನ್ನೇ ಹಾಳು ಮಾಡಿತು. ಕೊನೆಗೆ ಚಿತ್ರವನ್ನೂ ಬದಲಿಸಿ ನೀಲಿಯಲ್ಲಿ ಅಚ್ಚು ಹಾಕಿದರು. ಇಷ್ಟೆಲ್ಲ ಪಾಡು ಪಟ್ಟು ದೇಶಕ್ಕೆ ಚೀಟಿ ಒದಗಿಸಿದವರನ್ನು ಕುಡುಕರು ಅನ್ನುವುದು ಯಾವ ನ್ಯಾಯ?

ನಾಲ್ಕಾಣೆಯದು ಇನ್ನೂ ಕಷ್ಟದ ಕೆಲಸ. ಎಂಟು ಮೂಲೆಯ ಕೆಂಪು ಚೌಕಟ್ಟು, ಒಳಗೆ ನೀಲಿ ತಲೆ. ಎರಡು ಬಣ್ಣದಲ್ಲಿ ಅಚ್ಚಾದ ಪ್ರಪಂಚದ ಮೊದಲ ಕೆಲವು ಚೀಟಿಗಳಲ್ಲಿ ಅದೂ ಒಂದು. ಹಾಳೆ ಎರಡು ಸಲ ಕಲ್ಲಿನ ಮೇಲೆ ಕೂರಬೇಕು, ಎರಡೂ ಸಲ ಕೂದಲೆಳೆಯಷ್ಟೂ ಆಚೀಚೆ ಆಗಬಾರದು.

ನನಗೆ ಬೇಕಾಗಿದ್ದ ಪ್ರಶ್ನೆಯನ್ನು ಒಬ್ಬರು ಮಾತ್ರ ಕೇಳಿದ್ದಾರೆ. ಮೈಸೂರಿನಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ ಅಚ್ಚು ಹಾಕುವ ಹಳೇ ಪ್ರೆಸ್ಸಿನ ಯಜಮಾನರು ಅವರು. ವಯಸ್ಸಾದವರು, ಟ್ರೆಡಲ್ ಮಿಷನ್ನಿನ ಮುಂದೆ ಜೀವ ಸವೆಸಿದವರು. ಉಲ್ಟಾ ತಲೆಯ ನಾಲ್ಕಾಣೆಯ ದೊಡ್ಡ ಚಿತ್ರವೊಂದನ್ನು ಅವರ ಮುಂದೆ ಇಟ್ಟೆ. ಕನ್ನಡಕ ಹಣೆಗೇರಿಸಿ, ಚಿತ್ರವನ್ನು ಮೂಗಿನ ಹತ್ತಿರಕ್ಕೆ ತಂದು ನೋಡಿದರು. ಬೆಲೆ ಕೇಳಲಿಲ್ಲ.

"ಮೊದಲು ಯಾವ ಬಣ್ಣ ಹೊಡೆದಿದ್ದಾರೆ ಸಾರ್?"

ಕೆಂಪು ಮೊದಲು, ಆಮೇಲೆ ನೀಲಿ ಎಂದೆ.

"ಹಂಗಾದ್ರೆ ಎರಡನೇ ಸಲ ಹಾಳೆ ತಿರುಗಿಬಿಟ್ಟಿದೆ. ಆದ್ರೂ ನೋಡಿ, ತಲೆ ಚೌಕಟ್ಟಿನ ಒಳಗೇ ಕೂತಿದೆ. ಮೇಲೂ ಕೆಳಗೂ ಅಂಚು ಸಮ ಬಿಟ್ಟು ಹೊಂದಿಸಿದ್ರೆ ತಾನೇ ಹಿಂಗೆ ಕೂರೋದು? ಕೆಲಸ ಬಲ್ಲವನೇ ಮಾಡಿರೋದು."

ಆ ಮಾತು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಒಂದು ಹಾಳೆ ತಿರುಗಿದ್ದನ್ನು ನೋಡಿ, ಉಳಿದ ಹಾಳೆಗಳನ್ನೆಲ್ಲ ಎಷ್ಟು ಜೋಪಾನವಾಗಿ ಹೊಂದಿಸಿದ್ದರು ಅಂತ ಅವರು ಹೇಳಿಬಿಟ್ಟರು. ನಾನು ತಪ್ಪುಗಳನ್ನು ಕೂಡಿಡುವುದು ಇದಕ್ಕೇ. ಸರಿಯಾಗಿ ಅಚ್ಚಾದ ಚೀಟಿಯಲ್ಲಿ ಕಾಣುವುದು ರಾಣಿ ಒಬ್ಬಳೇ. ಅಚ್ಚು ಹಾಕಿದವರ ಕೈ ಕಾಣಬೇಕಾದರೆ ಎಲ್ಲೋ ಒಂದು ಕಡೆ ಜರುಗಿರಬೇಕು. ಆ ಕಲ್ಲಿನ ಮುಂದೆ ನಿಂತವರ ಹೆಸರು ಯಾವ ಚೀಟಿಯ ಮೇಲೂ ಇಲ್ಲ.

"ಯಾವ ಬಣ್ಣ ಮೊದಲು?" ಅನ್ನುವ ಹಾಗೆ, ಹೇಗೆ ಅಚ್ಚಾಯಿತು ಎಂದು ಕೇಳಿದರೆ ಒಂದೊಂದು ತಪ್ಪಿನ ಜಾತಕವೂ ಬಿಚ್ಚಿಕೊಳ್ಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ 1855ರ ನಾಲ್ಕು ಪೆನ್ನಿ ಚೀಟಿ ತೆಗೆದುಕೊಳ್ಳಿ. ಅದನ್ನು ಎಲ್ಲರೂ 'ತಲೆಕೆಳಗಾದ ಹಂಸ' ಅನ್ನುತ್ತಾರೆ. ಪಾಪ, ಹಂಸ ನೆಟ್ಟಗೇ ಇದೆ. ತಿರುಗಿರುವುದು ಚೌಕಟ್ಟು. ಅದು ಒಂದೇ ಬಣ್ಣದ ಚೀಟಿ, ಹಾಳೆ ತಿರುಗುವ ಪ್ರಶ್ನೆಯೇ ಇಲ್ಲ. ಕಲ್ಲಿನ ಮೇಲೆ ಕೂರಿಸುವಾಗಲೇ ಚೌಕಟ್ಟು ಉಲ್ಟಾ ಕೂತಿತ್ತು, ಹಾಗಾಗಿ ಆ ಕಲ್ಲಿನಿಂದ ಬಂದ ಹಾಳೆಗಳಲ್ಲೆಲ್ಲ ಅದೇ ತಪ್ಪು. ದಕ್ಷಿಣ ಆಫ್ರಿಕಾದ ಕೇಪ್ ಆಫ್ ಗುಡ್ ಹೋಪಿನದು ಮತ್ತೊಂದು ಥರ. 1861ರಲ್ಲಿ ಇಂಗ್ಲೆಂಡಿನ ಚೀಟಿ ಸಾಲದೆ ಕೇಪ್‌ಟೌನಿನಲ್ಲೇ ಮೂರು ಮೂಲೆ ಚೀಟಿ ಅಚ್ಚು ಹಾಕಿದರು. ಒಂದು ಪೆನ್ನಿಯ ಅಚ್ಚು ನಾಲ್ಕು ಪೆನ್ನಿಯ ಗುಂಪಿಗೆ, ಅದರದ್ದು ಇದಕ್ಕೆ ಸೇರಿಕೊಂಡು ಕೆಂಪಾಗಬೇಕಾದ್ದು ನೀಲಿ, ನೀಲಿ ಆಗಬೇಕಾದ್ದು ಕೆಂಪು ಆಯಿತು.

ಇನ್ನು ಅಚ್ಚುಮೊಳೆ ಜೋಡಿಸುವವರ ತಪ್ಪು. 1887ರಿಂದ ಚಂಬಾ ಸಂಸ್ಥಾನಕ್ಕಾಗಿ ಭಾರತದ ಚೀಟಿಗಳ ಮೇಲೆ ಆ ಸಂಸ್ಥಾನದ ಹೆಸರನ್ನು ಇಂಗ್ಲಿಷಿನಲ್ಲಿ ಮೇಲಚ್ಚು ಹಾಕುತ್ತಿದ್ದರು. ಅದರಲ್ಲಿ ಒಂದು ಕಡೆ 'ಎಂ' ಅಕ್ಷರ 'ಎ'ಗಿಂತ ಮುಂದೆ ಹೋಗಿ ಕೂತು CHAMBA ಎಂಬುದು CHMABA ಆಗಿದೆ. ಪ್ರೆಸ್ಸಿನ ಯಜಮಾನರಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. ಮುದ್ರಾರಾಕ್ಷಸನ ಕಾಟ ಅವರಿಗೆ ಗೊತ್ತಿಲ್ಲದ್ದಲ್ಲ.

ನನ್ನ ಸಂಗ್ರಹದಲ್ಲಿ ನನಗೆ ಅಚ್ಚುಮೆಚ್ಚಿನದು ಒಂದು ಸಾಧಾರಣ ನಾಲ್ಕಾಣೆ. ತಲೆ ನೆಟ್ಟಗಿದೆ. ಆಗಿನ ಚೀಟಿಗಳಿಗೆ ಹರಿಯುವ ತೂತು ಇರಲಿಲ್ಲ, ಕತ್ತರಿಯಲ್ಲೇ ಕತ್ತರಿಸಬೇಕು. ನನ್ನದನ್ನು ಯಾರೋ ಎಂಟು ಮೂಲೆಗೂ ಒತ್ತಿ ಕತ್ತರಿಸಿದ್ದಾರೆ, ಅದರಿಂದ ಬೆಲೆಯೂ ಇಳಿದಿದೆ. ಆದರೆ ತಲೆ ಒಂದು ಚೂರು ಕೆಳಗೆ ಜಾರಿದೆ. ಭೂತಗನ್ನಡಿ ಹಿಡಿದರೆ ಕತ್ತಿನ ನೀಲಿ ಗೆರೆ ಚೌಕಟ್ಟಿನ ಕೆಂಪು ಗೆರೆಯನ್ನು ತುಳಿದಿರುವುದು ಕಾಣುತ್ತದೆ. ಎರಡೂ ಸೇರಿದ ಜಾಗ ನೇರಳೆಗೆ ತಿರುಗಿದೆ. ಮನೆಗೆ ಬಂದವರಿಗೆ ನಾನು ತೋರಿಸಬೇಕೆಂದಿರುವುದು ಆ ನೇರಳೆ ಚುಕ್ಕೆಯನ್ನು. ಅವರು ಕೇಳುವುದು ಸೈಟಿನ ಲೆಕ್ಕ.

ಮೈಸೂರಿನವರು ತಪ್ಪದೆ ಕೇಳುವ ಇನ್ನೊಂದು ಇದೆ: "ಮಹಾರಾಜರ ಕಾಲದ ಸ್ಟಾಂಪ್ ಇಲ್ವಾ?" ನಮ್ಮ ಮೈಸೂರು ಅಂಚೆ 1889ರವರೆಗೆ ಬೇರೆಯಾಗಿಯೇ ನಡೆಯಿತು. ಆದರೆ ಕಾಗದಕ್ಕೆ ಅಂಟಿಸುವ ಅಂಚೆ ಚೀಟಿಯನ್ನು ಸಂಸ್ಥಾನ ಹೊರಡಿಸಲಿಲ್ಲ. ಹಳೇ ಪೆಟ್ಟಿಗೆಯಲ್ಲಿ ಗಂಡಭೇರುಂಡದ ಚೀಟಿ ಸಿಕ್ಕಿದರೆ ಅದು ಕೋರ್ಟು, ಕಂದಾಯದ್ದು. ಅದಕ್ಕೂ ಆಸಕ್ತರಿದ್ದಾರೆ, ಬಿಸಾಡಬೇಡಿ.

ಒಂದು ವಿಷಯ ಮಾತ್ರ ಕೈ ಮುಗಿದು ಕೇಳುತ್ತೇನೆ. ಅಜ್ಜನ ಕಾಲದ ಕಾಗದದ ಕಟ್ಟು ಸಿಕ್ಕಿದರೆ ಸ್ಟಾಂಪನ್ನು ಕತ್ತರಿಸಿ ತೆಗೆಯಬೇಡಿ, ನೀರಿನಲ್ಲಿ ನೆನೆಹಾಕಬೇಡಿ. ಎಲ್ಲಿಂದ ಹೊರಟಿತು, ಯಾವತ್ತು ಮುದ್ರೆ ಬಿತ್ತು ಎಂಬುದೆಲ್ಲ ಆ ಲಕೋಟೆಯ ಮೇಲಿರುತ್ತದೆ. ಇದ್ದ ಹಾಗೇ ತನ್ನಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಕಾಫಿ ಕುಡಿಯುತ್ತಾ ಇಬ್ಬರೂ ಕೂತು ನೋಡೋಣ.