ಬರವಣಿಗೆ ಕಟ್ಟಿಕೊಂಡಾಗ ಒಂದು ಕಾಳು ಮಂಡಕ್ಕಿ

ಬರೆಯೋದೇ ನನ್ನ ಹೊಟ್ಟೆಪಾಡು. ದಾವಣಗೆರೆಯಲ್ಲಿ ಒಂದು ಪತ್ರಿಕೆಗೆ ವಾರಕ್ಕೊಂದು ನುಡಿಚಿತ್ರ ಬರೆಯುತ್ತೇನೆ, 11 ವರ್ಷ ಆಯಿತು. ಶುಕ್ರವಾರ ಸಂಜೆ ಐದಕ್ಕೆ ಪುಟ ಹೋಗಬೇಕು. ಜ್ವರ ಬಂದಾಗಲೂ, ಮನೆಯಲ್ಲಿ ಮದುವೆ ಇದ್ದಾಗಲೂ ತಪ್ಪಿಸಿದವಳಲ್ಲ. ಹೋದ ಮಳೆಗಾಲದಲ್ಲಿ ಮಾತ್ರ ಐದು ವಾರ ಒಂದು ಸಾಲೂ ಬರೆಯಲು ಆಗಲಿಲ್ಲ.

ಅದಕ್ಕೆ ಮುಂಚೆ ಊರಿನ ಹತ್ತಿ ಗಿರಣಿಗಳ ಬಗ್ಗೆ ಬರೆದಿದ್ದೆ. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ವಾ, ಆಗ ಗಿರಣಿಯಲ್ಲಿ ದುಡಿದವರನ್ನು ಹುಡುಕಿ, ಅವರ ಮನೆಯಲ್ಲಿ ಕೂತು ಮಾತಾಡಿಸಿ ಬರೆದದ್ದು. ತುಂಬಾ ಜನ ಓದಿದರು. ವಾಟ್ಸಾಪ್‌ನಲ್ಲಿ ಓಡಾಡಿತು. ಒಬ್ಬರಂತೂ ಫೋನ್ ಮಾಡಿ, ನಮ್ಮಪ್ಪನ ಬಗ್ಗೆನೇ ಬರೆದಹಾಗಿದೆ ಅಂತ ಅತ್ತರು. ಖುಷಿಯಾಯಿತು ನಿಜ. ಆದರೆ ಮುಂದಿನ ವಾರ ಕಂಪ್ಯೂಟರ್ ಮುಂದೆ ಕೂತರೆ ಯಾವ ವಿಷಯ ಹಿಡಿದರೂ ಗಿರಣಿಯ ಮುಂದೆ ಸಣ್ಣದು ಅನ್ನಿಸತೊಡಗಿತು. ಒಂದು ಸಾಲು ಬರೆಯೋದು, ಅಳಿಸೋದು. ಸಾಲು ಮುಗಿಯೋ ಮೊದಲೇ ಅದನ್ನು ಓದುವವರ ಮುಖ ಕಣ್ಣ ಮುಂದೆ ಬರುತ್ತಿತ್ತು, ಅಯ್ಯೋ ಇಷ್ಟೇನಾ ಅಂತ ಅವರು ಕೇಳಿದಂತೆ ಆಗುತ್ತಿತ್ತು. ನಾಲ್ಕನೇ ವಾರ ನಮ್ಮ ಡೆಸ್ಕಿನ ಹಿರಿಯರು ಮೆಲ್ಲಗೆ, "ಹಳೇದು ಯಾವುದಾದ್ರೂ ಇದ್ರೆ ಕೊಡಿ ಮೇಡಂ" ಅಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಗೆಳತಿಯೊಬ್ಬಳು ಧ್ಯಾನ ಮಾಡು ಅಂದಳು. ದಿನಾ ಬೆಳಿಗ್ಗೆ 20 ನಿಮಿಷ ಕಣ್ಣು ಮುಚ್ಚಿ ಕೂತೆ. ಉಸಿರಿನ ಲೆಕ್ಕದ ಜೊತೆ ಶುಕ್ರವಾರಕ್ಕೆ ಎಷ್ಟು ದಿನ ಉಳಿಯಿತು ಅನ್ನೋ ಲೆಕ್ಕವೂ ನಡೆಯುತ್ತಿತ್ತು. ಎದ್ದ ಕೂಡಲೇ ಲೇಖನ ಬರಬೇಕು ಅಂತ ಕರಾರು ಹಾಕಿಕೊಂಡು ಕೂತರೆ ಮನಸ್ಸು ಹೇಗೆ ತಾನೇ ಸುಮ್ಮನಾಗುತ್ತದೆ?

ಆಗ ಜಾನ್ ಕಬಟ್-ಜಿನ್ ಅನ್ನುವವರ ಬಗ್ಗೆ ಓದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ, ಔಷಧಿಗೂ ಬಗ್ಗದ ಹಳೇ ನೋವಿನವರಿಗಾಗಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣಕ್ಕೆ ಪೂರ್ತಿ ಗಮನ ಕೊಡುವ ತರಬೇತಿ ಶುರು ಮಾಡಿದವರು. ಅದರಲ್ಲಿ ಮೊದಮೊದಲು ಕಲಿಸುವುದು ಒಂದೇ ಒಂದು ಒಣದ್ರಾಕ್ಷಿ ತಿನ್ನುವುದನ್ನು. ಹಿಂದೆಂದೂ ನೋಡಿಯೇ ಇಲ್ಲವೇನೋ ಅನ್ನುವಂತೆ ಅದನ್ನು ನೋಡಬೇಕು, ಮುಟ್ಟಬೇಕು, ಮೂಸಬೇಕು, ಆಮೇಲೆ ನಿಧಾನಕ್ಕೆ ಜಗಿಯಬೇಕು. ಹಳೇ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಇಂಥ ಗಮನಕ್ಕೆ ಸತಿ ಅನ್ನುತ್ತಾರಂತೆ. ನಮ್ಮಮ್ಮ ಬಿಸಿ ಪಾತ್ರೆ ಇಳಿಸುವಾಗಲೆಲ್ಲ "ಮೈಮೇಲೆ ಎಚ್ಚರ ಇರ್ಲಿ" ಅನ್ನುತ್ತಿದ್ದರು. ಸತಿ ಅಂದರೆ ಆ ಎಚ್ಚರವೇ ಇರಬೇಕು ಅಂತ ನಾನು ಅರ್ಥ ಮಾಡಿಕೊಂಡೆ.

ನಮ್ಮ ಆಫೀಸಿನಲ್ಲಿ ದ್ರಾಕ್ಷಿ ಎಲ್ಲಿ? ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬರುತ್ತದೆ. ಅವತ್ತು ಫೋನ್ ಡ್ರಾಯರ್‌ಗೆ ಹಾಕಿ, ಒಗ್ಗರಣೆ ಬೀಳದ ಒಂದು ಕಾಳು ಮಂಡಕ್ಕಿಯನ್ನು ಅಂಗೈ ಮೇಲೆ ಇಟ್ಟುಕೊಂಡೆ. ಹುಟ್ಟಿದಾಗಿಂದ ತಿನ್ನುತ್ತಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಒಂದು ತುದಿ ಕಂದು. ಮೈಮೇಲೆ ಉದ್ದಕ್ಕೆ ಸಣ್ಣ ಗೆರೆಗಳು. ತೂಕವೇ ಇಲ್ಲ. ನಾಲಿಗೆ ಮೇಲೆ ಇಟ್ಟಾಗ ಮೊದಲು ಸಿಕ್ಕಿದ್ದು ಉಪ್ಪು, ಆಮೇಲೆ ಹೊಗೆಯ ತೆಳುವಾದ ವಾಸನೆ, ಕೊನೆಗೆ ಹಲ್ಲಿಗೆ ಒಂದು ಚೂರು ಮರಳು. ಈ ಉಪ್ಪು ಒಳಗೆ ಹೋಗಿದ್ದು ಯಾವಾಗ? ಈ ಮರಳು ಎಲ್ಲಿಯದು? ಐದು ವಾರದಲ್ಲಿ ನನಗೆ ತಾನಾಗಿ ಹುಟ್ಟಿದ ಮೊದಲ ಪ್ರಶ್ನೆಗಳು ಇವು.

ಮರುದಿನ ಬೆಳಿಗ್ಗೆ ಮಂಡಕ್ಕಿ ಭಟ್ಟಿಗೆ ಹೋದೆ. ಒಳಗೆ ಕಾಲಿಟ್ಟರೆ ಮುಖಕ್ಕೆ ರಾಚುವ ಸೆಕೆ. ಉಪ್ಪು ನೀರು ಹಾಕಿ ಬಿಸಿ ಮಾಡಿದ ಅಕ್ಕಿ ಒಂದು ಕಡೆ, ಒಲೆ ಮೇಲೆ ಬಾಣಲಿ ತುಂಬಾ ಕಾದ ಮರಳು. ಅಕ್ಕಿ ಮರಳಿಗೆ ಬಿದ್ದ ಕೂಡಲೇ ಒಳಗಿನ ತೇವ ಆವಿಯಾಗಿ ಕಾಳು ಅರಳಿಬಿಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ ಜರಡಿಗೆ ಹಾಕಬೇಕು, ಒಂಚೂರು ತಡವಾದರೆ ಸೀದುಹೋಗುತ್ತದೆ. ಅಲ್ಲಿದ್ದ ಹೆಂಗಸು "ಕುಂದ್ರಿ ಅಕ್ಕಾ, ಯಾಕ್ ನಿಂತೀರಿ" ಅಂತ ಚೀಲ ಹಾಸಿದರು. ಮರಳು ಹದಕ್ಕೆ ಬಂದಿದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಸಪ್ಪಳ ಕೇಳ್ರಿ" ಅಂದು ಒಂದು ಹಿಡಿ ಅಕ್ಕಿ ಹಾಕಿದರು. ನನಗೆ ಏನೂ ತಿಳಿಯಲಿಲ್ಲ. ಮೂರನೇ ಸಲ ಹಾಕಿದಾಗ ತಿಳಿಯಿತು, ಮೊದಲು ಬಿಡಿಬಿಡಿಯಾಗಿ ಇದ್ದ ಚಟಪಟ ಈಗ ಒಮ್ಮೆಲೇ ಮಳೆ ಬಿದ್ದ ಹಾಗೆ ಕೇಳಿತು. ಆ ಸಪ್ಪಳದಿಂದಲೇ ಲೇಖನ ಶುರುವಾಯಿತು. ಗುರುವಾರ ರಾತ್ರಿ ಮುಗಿಯಿತು. ಗಿರಣಿಯ ಲೇಖನದಷ್ಟು ಜನ ಓದಲಿಲ್ಲ, ಆದರೆ ಬರೆಯುವಾಗ ಅದು ನೆನಪಿಗೇ ಬರಲಿಲ್ಲ.

ಈಗ ದಿನಕ್ಕೆ ಒಂದು ಕೆಲಸವನ್ನಾದರೂ ಹೀಗೆ ಪೂರ್ತಿ ಗಮನ ಕೊಟ್ಟು ಮಾಡುತ್ತೇನೆ. ಟೀ ಕುಡಿಯೋದು, ವಿದ್ಯಾನಗರದ ಮನೆಯಿಂದ ಬಸ್ಸಿಗೆ ನಡೆಯೋದು, ಪಾತ್ರೆ ತೊಳೆಯೋದು, ಯಾವುದಾದರೂ ಸರಿ. ಆಮೇಲೆ ಸಣ್ಣ ಪುಸ್ತಕದಲ್ಲಿ ಐದು ಸಾಲು, ಕಂಡದ್ದು ಕೇಳಿದ್ದು ಮಾತ್ರ. ಚೆಂದ, ಬೇಸರ, ಅದ್ಭುತ ಅನ್ನೋ ಮಾತು ಬರೆಯುವ ಹಾಗಿಲ್ಲ. ಬರೆಯುವಾಗ ಇದು ಚೆನ್ನಾಗಿಲ್ಲ ಅನ್ನೋ ಯೋಚನೆ ಈಗಲೂ ಬರುತ್ತದೆ. ಓಡಿಸಲು ಹೋಗುವುದಿಲ್ಲ. ಬಂತು ಅಂತ ಗಮನಿಸಿ ಮುಂದಿನ ಪದ ಬರೆಯುತ್ತೇನೆ.

ನನ್ನ ಲೆಕ್ಕದಲ್ಲಿ ಬರವಣಿಗೆ ನಿಂತಾಗ ಅರ್ಧಕ್ಕರ್ಧ ಸಲ ನಮ್ಮ ಹತ್ತಿರ ಸರಕೇ ಇರುವುದಿಲ್ಲ, ಕಣ್ಣು ಕಿವಿ ಮುಚ್ಚಿಕೊಂಡು ಕೂತಿರುತ್ತೇವೆ. ಹಾಗಂತ ಎಲ್ಲದಕ್ಕೂ ಇದೇ ಮದ್ದಲ್ಲ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಈ ವಾರದ ವಿಷಯ ಮೆಕ್ಕೆಜೋಳ. ಎರಡು ದಿನದಿಂದ ಮೊದಲ ಸಾಲು ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ಎಪಿಎಂಸಿಗೆ ಹೊರಟಿದ್ದೇನೆ, ಹರವಿದ ಕಾಳಿನ ಪಕ್ಕ ಒಂದರ್ಧ ಗಂಟೆ ಕೂರಬೇಕು.