ಕಣಕುಂಬಿಯ ಮಳೆ, ಬಾದಾಮಿಯ ಬಿಸಿಲು

ಬೆಳಗಾವಿಯಿಂದ ಜಾಂಬೋಟಿ ದಾಟಿ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೋಗುವಾಗ ದೊಡ್ಡ ಬೆಟ್ಟ ಹತ್ತಿದ ಹಾಗೆ ಅನಿಸುವುದಿಲ್ಲ. ಬೆಳಗಾವಿಯೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಚೋರ್ಲಾ ದಾಟಿ ಗೋವಾ ಕಡೆ ಇಳಿಯಲು ಶುರುಮಾಡಿದಾಗಲೇ ಸಹ್ಯಾದ್ರಿಯ ಎತ್ತರ ಗೊತ್ತಾಗುವುದು. ಹಿಮಾಲಯದಂತೆ ನೆಲ ಮಡಿಕೆಬಿದ್ದು ಎದ್ದ ಪರ್ವತವಲ್ಲ ಇದು. ಪ್ರಸ್ಥಭೂಮಿಯ ಪಡುವಣ ಅಂಚು. ಹಳೆಯ ಭೂಖಂಡ ಸೀಳಿದ ಮೇಲೆ ಮಳೆ, ಹೊಳೆಗಳು ಕೊರೆದು ನಿಲ್ಲಿಸಿದ ಗೋಡೆ. ಬೆಳಗಾವಿ ಸುತ್ತಲಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಗೋಕಾಕ, ಬಾದಾಮಿಯ ಮರಳುಗಲ್ಲು ಅದಕ್ಕಿಂತ ಎಷ್ಟೋ ಹಳೆಯದು.

ಅರಬ್ಬಿ ಸಮುದ್ರದ ಹಸಿಗಾಳಿ ಈ ಗೋಡೆಗೆ ಬಡಿದು ಮೇಲೇರುತ್ತದೆ. ಮೋಡ ಕಟ್ಟುವವರೆಗೆ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ತಂಪಾಗುತ್ತದೆ, ಆಮೇಲೆ ಸುರಿಯುತ್ತದೆ. ಕಣಕುಂಬಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವುದು ಸಾಮಾನ್ಯ; ಬೆಳಗಾವಿಯಲ್ಲಿ ಸುಮಾರು 1300, ವಿಜಯಪುರದಲ್ಲಿ 600ರ ಆಸುಪಾಸು. ನೀರು ಕಳೆದುಕೊಂಡ ಗಾಳಿ ಮೂಡಣಕ್ಕೆ ಇಳಿಯುತ್ತಾ ಬಿಸಿಯಾಗಿ ಮೋಡ ಕರಗುತ್ತದೆ. ಅದಕ್ಕೇ ಪುನರ್ವಸು, ಪುಷ್ಯ ಮಳೆಯಲ್ಲಿ ಖಾನಾಪುರ ತೊಯ್ದು ತೊಪ್ಪೆಯಾದರೂ ಬಾದಾಮಿಯಲ್ಲಿ ಬರೀ ಗಾಳಿ. ವಿಜಯಪುರದ ದೊಡ್ಡ ಮಳೆ ಸೆಪ್ಟೆಂಬರಿನದು, ಗುಡುಗಿನ ಜೊತೆ ಬರುವಂಥದ್ದು. ಎರಿ (ಕಪ್ಪುಮಣ್ಣಿನ) ಭೂಮಿಯಲ್ಲಿ ಬಿಳಿಜೋಳ ಹಿಂಗಾರಿಗೇ ಬಿತ್ತುವುದು ಈ ಹಸಿಯನ್ನು ನಂಬಿ.

ಹೊಳೆ ಮಾತ್ರ ಈ ಲೆಕ್ಕ ಕೇಳುವುದಿಲ್ಲ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅದೇ ಹೊಳೆಯ ದಂಡೆಯ ಪಟ್ಟದಕಲ್ಲಿನಲ್ಲಿ ಬಿಸಿಲಿದ್ದಾಗಲೂ ಪ್ರವಾಹ ಬರಬಹುದು. 2019ರ ಆಗಸ್ಟಿನಲ್ಲಿ ಅಲ್ಲಿನ ದೇವಾಲಯಗಳಿಗೇ ನೀರು ನುಗ್ಗಿತ್ತು. ಆದ್ದರಿಂದ ಹೊಳೆದಂಡೆಯವರು ತಮ್ಮ ಆಕಾಶ ನೋಡಿದರೆ ಸಾಲದು, ಖಾನಾಪುರದ ಮಳೆ ನೋಡಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 'ಇಂದಿನ ಮಳೆ' ಅಂದರೆ ನಿನ್ನೆ ಬೆಳಿಗ್ಗೆ 8.30ರಿಂದ ಇಂದು 8.30ರವರೆಗಿನದು, ನಿನ್ನೆ ಮಧ್ಯಾಹ್ನ ಬಿದ್ದ ನೀರು ಪ್ರಕಟವಾಗುವ ಹೊತ್ತಿಗೆ ಹಳ್ಳ ಸೇರಿರುತ್ತದೆ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ, 204.4 ದಾಟಿದರೆ ಅತಿವೃಷ್ಟಿ. 1 ಮಿ.ಮೀ. ಅಂದರೆ ಎಕರೆಗೆ ಸುಮಾರು 4000 ಲೀಟರ್! ಜೊತೆಗೆ ಸವದತ್ತಿ ಬಳಿ ಮಲಪ್ರಭೆಗೆ ಅಣೆಕಟ್ಟೆ ಕಟ್ಟಿದ ನವಿಲುತೀರ್ಥ ಜಲಾಶಯದ ಮಟ್ಟವನ್ನೂ ನೋಡಿ: ಅರ್ಧ ಖಾಲಿಯಿದ್ದರೆ ಮೇಲಿನ ಮಳೆಯನ್ನು ಅದು ಹಿಡಿಯುತ್ತದೆ, ತುಂಬಿದ್ದರೆ ಬಂದ ನೀರನ್ನು ಕೆಳಗೆ ಬಿಡಲೇಬೇಕು.

ಬಹಳ ಜನ ತಪ್ಪುವುದು ಬೆಣ್ಣಿಹಳ್ಳದ ವಿಷಯದಲ್ಲಿ. ಅದು ಮಲಪ್ರಭೆಗೆ ಸೇರುವುದು ಅಣೆಕಟ್ಟೆಯ ಕೆಳಗೆ. ಕುಂದಗೋಳ, ನವಲಗುಂದದ ಕಡೆ ಜೋರು ಮಳೆಯಾದರೆ, ಅಣೆಕಟ್ಟೆಯಿಂದ ಹನಿ ನೀರು ಬಿಡದಿದ್ದರೂ ಹೊಳೆ ಏರುತ್ತದೆ. ಆ ಕಡೆಯ ಮಳೆಯ ಅಂಕಿ ನೋಡದೆ ರಾತ್ರಿ ದಂಡೆಯ ಮೇಲೆ ಪಂಪ್‌ಸೆಟ್ ಬಿಟ್ಟು ಬರಬೇಡಿ.