ಕ್ಯಾನ್ ಲಾ ಅಂದರೆ ಆಗುತ್ತೆ ಮಾರಾಯ

ಸಿಂಗಾಪುರಕ್ಕೆ ಬಂದ ಮೊದಲ ವಾರ ಆಫೀಸಿನ ಕೆಳಗಿನ ಅಂಗಡಿಯಲ್ಲಿ ಕಾಫಿ ಕೇಳಿದೆ. ಕಂಡೆನ್ಸ್ಡ್ ಮಿಲ್ಕ್ ಸುರಿದ, ಪಾಯಸದಂಥ ಕಾಫಿ ಬಂತು. ಮಾರನೇ ದಿನ ಸಕ್ಕರೆ ಬೇಡ ಅಂದೆ. "ಕೊಸೊಂಗ್?" ಅಂದರು ಆಂಟಿ. ನಾನು ಪಿಳಿಪಿಳಿ ನೋಡಿದೆ. ಕೊಸೊಂಗ್ ಅಂದರೆ ಮಲಯ್ ಭಾಷೆಯಲ್ಲಿ ಖಾಲಿ, ಸೊನ್ನೆ. ಹಾಲೂ ಬೇಡವಾದರೆ 'ಕೋಪಿ ಓ ಕೊಸೊಂಗ್' ಅನ್ನಬೇಕು. ಆ 'ಓ' ಹೊಕ್ಕಿಯನ್ ಚೀನೀ ಮಾತು, ಕಪ್ಪು ಅಂತ. ಸಿಂಗ್ಲಿಷ್, ಅಂದರೆ ಇಲ್ಲಿಯವರು ಮಲಯ್, ಚೀನೀ ಮಾತು ಬೆರೆಸಿ ಆಡೋ ಇಂಗ್ಲಿಷ್, ಅದರ ಪಾಠ ನನಗೆ ಶುರುವಾಗಿದ್ದು ಹೀಗೆ.

ಆಮೇಲೆ ಆಫೀಸು. ಈ ರಿಪೋರ್ಟ್ ನಾಳೆಗೆ ಆಗಬಹುದಾ ಅಂತ ಪಕ್ಕದ ಸೀಟಿನ ಚೀನೀ ಗೆಳತಿಯನ್ನು ಕೇಳಿದರೆ, "ಕ್ಯಾನ್" ಅಂದಳು. ಅಷ್ಟೇ. ಸಿಟ್ಟಾಗಿದ್ದಾಳೇನೋ ಅಂದುಕೊಂಡೆ. ರಾತ್ರಿ ಊರಿಗೆ ಫೋನ್ ಮಾಡಿದಾಗ ಹೊಳೆಯಿತು. "ಆಗುತ್ತಾ?" "ಆಗುತ್ತೆ." ನಾವೂ ಹೀಗೇ ಅಲ್ವಾ ಮಾತಾಡೋದು!

ಮಜಾ ಇರೋದು ಅದರ ಬಾಲದಲ್ಲಿ. ಕ್ಯಾನ್ ಲಾ: ಆಗುತ್ತೆ ಮಾರಾಯ. ಕ್ಯಾನ್ ಲೋರ್: ಆಯ್ತು ಬಿಡು, ಇನ್ನೇನು ಮಾಡೋದು. ಕ್ಯಾನ್ ಮೆ: ಇದೆಲ್ಲ ಆಗೋ ಮಾತಾ? ಕ್ಯಾನ್ ಹೋರ್: ಆಗುತ್ತೆ ತಾನೆ? ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನನಗೆ ಯಾವತ್ತೂ ಸಿಗದ 'ಮಾರಾಯ', 'ಕಣೋ', 'ಬಿಡು' ಎಲ್ಲ ಇಲ್ಲಿ ಸಿಕ್ಕವು. ತೀರ್ಥಹಳ್ಳಿಯವರಿಗೆ ಇದಕ್ಕಿಂತ ಇನ್ನೇನು ಬೇಕು?

ಇಲ್ಲಿನ ಸರ್ಕಾರಕ್ಕೆ ಮಾತ್ರ ಇದು ಇಷ್ಟವಿರಲಿಲ್ಲ. 1999ರಲ್ಲಿ ಪ್ರಧಾನಿ ಗೋ ಚೋಕ್ ಟೋಂಗ್ ಅವರು ಟಿವಿ ಹಾಸ್ಯ ಧಾರಾವಾಹಿಯ ಫುವಾ ಚು ಕಾಂಗ್ ಎಂಬ ಪಾತ್ರದ ಇಂಗ್ಲಿಷ್ ಬಗ್ಗೆಯೇ ಭಾಷಣದಲ್ಲಿ ಆಕ್ಷೇಪ ಎತ್ತಿದರು. 2000ದಲ್ಲಿ 'ಒಳ್ಳೆ ಇಂಗ್ಲಿಷ್ ಮಾತಾಡಿ' ಅನ್ನೋ ಚಳವಳಿಯೇ ಶುರುವಾಯಿತು. ನಮ್ಮೂರಲ್ಲಿ ಮಾರಾಯ ಅನ್ನಬೇಡಿ ಅಂತ ಬೋರ್ಡ್ ಹಾಕಿದ ಹಾಗೆ! ಆದರೆ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಇದೇ ಸಿಂಗ್ಲಿಷಿನ 'ಶಿಯೋಕ್' ಅನ್ನೋ ಪದವನ್ನು ಸೇರಿಸಿಕೊಂಡಿತು. ಬಿಸಿಬಿಸಿ ಊಟ ಬಾಯಿಗಿಟ್ಟಾಗ "ಆಹಾ!" ಅಂತೀವಲ್ಲ, ಅದು.

ಇವರಿಗೆ ಬೇರೆ ಇಂಗ್ಲಿಷ್ ಬರಲ್ಲ ಅಂತೇನಿಲ್ಲ. ಲಂಡನ್ನಿನಿಂದ ಕಾಲ್ ಬಂದರೆ ನನ್ನ ಗೆಳತಿಯ ಬಾಯಲ್ಲಿ ಒಂದು 'ಲಾ' ಕೂಡ ಇಲ್ಲ. ಫೋನ್ ಇಟ್ಟ ಕೂಡಲೇ ಮತ್ತೆ ಶುರು.

ನಾನಂತೂ ಸರಿಯಾದ ಇಂಗ್ಲಿಷೇ ಆಡ್ತೀನಿ ಅನ್ನೋ ಜಂಬದಲ್ಲಿದ್ದೆ. ಮೊನ್ನೆ ಅವಳ ಫೈಲ್ ತೆರೆಯುತ್ತಿರಲಿಲ್ಲ. "ಡೂ ಒನ್ ಥಿಂಗ್" ಅಂತ ಹೇಳಿ, ನನ್ನ ಲ್ಯಾಪ್‌ಟಾಪ್ ಕಡೆ ತಿರುಗಿದೆ. ಅವಳು ಪೆನ್ನು ಹಿಡಿದು ಕಾಯುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ವಿಚ್ ಥಿಂಗ್ ಆ?"